ಸ್ಪಂದನ, ಮಿಡಿತ, ಬಡಿತ: ಯಾವುದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ರೋಗಿಗಳಿಗೆ ಹಂಚುವ ಒಂದು ಕರಪತ್ರ ತಿದ್ದುತ್ತಿದ್ದೇನೆ. ಕರಡಿನ ತುಂಬಾ ಎದೆಬಡಿತಕ್ಕೆ ‘ಹೃದಯ ಸ್ಪಂದನ’ ಅಂತಲೇ ಇದೆ. ನನಗೆ ಅದು ಬೇಡ ಅನ್ನಿಸಿದೆ.

ಸ್ಪಂದನ ಅಂದರೆ ಸಂಸ್ಕೃತದಲ್ಲಿ ಸಣ್ಣಗೆ ಅದುರುವುದು. ಅರ್ಥವೇನೋ ಸರಿ. ಆದರೆ ಈಗ ಅಧಿಕಾರಿಗಳು ಅಹವಾಲಿಗೆ ‘ಸ್ಪಂದಿಸುತ್ತಾರೆ’, ಊರೂರಲ್ಲಿ ‘ಜನಸ್ಪಂದನ’ ನಡೆಯುತ್ತದೆ. ಪದ ಕಚೇರಿ ಸೇರಿಯಾಗಿದೆ. ಇನ್ನೊಂದು ತಾಪತ್ರಯ: ಎರಡೇ ಸಾಲು ಕೆಳಗೆ ‘ಹೃದಯ ಸ್ತಂಭನ’ ಇದೆ, ಅಂದರೆ ಹೃದಯ ನಿಂತೇ ಹೋಗುವುದು. ಓದು ಬಾರದವರಿಗೆ ಯಾರೋ ಓದಿ ಹೇಳುವಾಗ ಸ್ಪಂದನ ಯಾವುದು, ಸ್ತಂಭನ ಯಾವುದು? ‘ನಿಮ್ಮ ಸ್ಪಂದನ ಚೆನ್ನಾಗಿದೆ’ ಅಂದರೂ ಪಾಪ, ಗಾಬರಿಯಾಗಬೇಕು!

ತಂತಿಯನ್ನು ಬೆರಳಿಂದ ಮಿಡಿಯುತ್ತೇವೆ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟರೆ ಸಿಗುವುದೂ ಅದೇ ಥರದ ಪುಟಿತ. ಹಾಗಾಗಿ ನಾಡಿಗೆ ಮಿಡಿತ ಒಪ್ಪುತ್ತದೆ. ‘ಹೃದಯ ಮಿಡಿಯಿತು’ ಅಂದರೆ ಮಾತ್ರ ಕನಿಕರವೇ ಮುಂದೆ ಬರುತ್ತದೆ, ಪೇಪರಿನವರು ಕಂಬನಿ ಮಿಡಿಸಿದ ಹಾಗೆ. ಎದೆಗೆ ಬಡಿತವೇ ಸರಿ. ಸ್ಕ್ಯಾನಿಂಗ್ ಮಾಡಿಸಿ ಬಂದ ಹೆಣ್ಣುಮಗಳು ‘ಕೂಸಿನ ಎದಿ ಬಡಿಯೋದು ಕೇಳ್ತು’ ಅನ್ನುತ್ತಾಳೆ, ಸ್ಪಂದನ ಕೇಳಿತು ಅನ್ನುವುದಿಲ್ಲ.

ಎದೆಗೊಂದು, ನಾಡಿಗೊಂದು ಪದ ಯಾಕೆ ಅಂದರೆ, ಎರಡೂ ಯಾವಾಗಲೂ ಒಂದೇ ಅಲ್ಲ. ಸುಮ್ನೆ ಕೂತ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಹಜ, ನಾಡಿಯಲ್ಲೂ ಅಷ್ಟೇ ಸಿಗುತ್ತದೆ. ಲಯ ತಪ್ಪಿದ ಹೃದಯದಲ್ಲಿ ಕೆಲವು ಬಡಿತ ಬಲವಿಲ್ಲದೆ ಕೈವರೆಗೆ ಮುಟ್ಟುವುದೇ ಇಲ್ಲ. ಆಗ ಎದೆಬಡಿತ 110 ಇದ್ದು ನಾಡಿಮಿಡಿತ 90 ಸಿಗಬಹುದು. ವೈದ್ಯರಿಗೆ ಆ ವ್ಯತ್ಯಾಸವೇ ಒಂದು ಸುಳಿವು.

ಈಗ ನನ್ನ ಪ್ರಶ್ನೆ. ಸಾಮಾನ್ಯವಾಗಿ ಎದೆ ಬಡಿಯುವುದು ನಮ್ಮ ಗಮನಕ್ಕೇ ಬರುವುದಿಲ್ಲ. ಅದು ಜೋರಾಗಿ ಗೊತ್ತಾಗತೊಡಗಿದರೆ ನಮ್ಮ ಕಡೆ ‘ಎದಿ ಧಡಧಡ ಅನ್ಲತ್ತದ’ ಅಂತಾರೆ. ಇದನ್ನೇ ಒಂದು ಹೆಸರಾಗಿ ಬರೆಯುವುದು ಹೇಗೆ? ‘ಎದೆ ಬಡಿದುಕೊಳ್ಳುವುದು’ ಅಂದರೆ ಸಾವಿನ ಮನೆ ನೆನಪಾಗುತ್ತದೆ. ‘ಡವಗುಟ್ಟುವಿಕೆ’ ಬರೆದು ನೋಡಿದೆ, ನಾಲಿಗೆಗೇ ಒಗ್ಗುತ್ತಿಲ್ಲ. ಸದ್ಯಕ್ಕೆ ‘ಎದೆ ಡವಡವ’ ಅಂತಲೇ ಬಿಟ್ಟಿದ್ದೇನೆ. ಬೀದರ, ಯಾದಗಿರಿಯವರು, ದಕ್ಷಿಣದವರು, ನಿಮ್ಮಲ್ಲಿ ಇದಕ್ಕೆ ಏನಂತಾರೆ?