ಪದಚರ್ಚೆ: ಜಲವರ್ಣದ ‘ಬ್ಯಾಕ್‌ರನ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಅಚ್ಚುಮೊಳೆ:

ನಮಸ್ಕಾರ. ಜಲವರ್ಣದಲ್ಲಿ ಚಿತ್ರ ಬರೆದು ಅಂಚೆಗೆ ಹಾಕುವ ಕಾರ್ಡುಗಳ ಬಗ್ಗೆ ನಾಲ್ಕು ಪುಟದ ಕೈಪಿಡಿ ಕನ್ನಡಕ್ಕೆ ಆಗಬೇಕಿದೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಕರಡು ಜೊತೆಗಿಟ್ಟಿದ್ದೇನೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು ‘ಬ್ಯಾಕ್‌ರನ್’: ಬಳಿದ ಬಣ್ಣ ಅರೆ ಒಣಗಿರುವಾಗ ಅದರ ಮೇಲೆ ಮತ್ತೆ ನೀರು ಸೇರಿ, ಹೂಕೋಸಿನ ಅಂಚಿನಂತೆ ಮೂಡುವ ಗುರುತು. ‘ಬ್ಲೂಮ್’ ಎಂದೂ ಹೇಳುತ್ತಾರೆ. ಎರಡನೆಯದು ‘ಮಾಸ್ಕಿಂಗ್ ಫ್ಲೂಯಿಡ್’: ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬಣ್ಣ ತಾಗದಂತೆ ಮೊದಲೇ ಹಚ್ಚಿ, ಆಮೇಲೆ ಎಬ್ಬಿಸಿ ತೆಗೆಯುವ ದ್ರವ. ಮೂರನೆಯದು ಕಾರ್ಡು ಮಾಡಿ ಕಲಿಯುವ ಮೇಜಿನ ಮುಂದೆ ತೂಗುಹಾಕುವ ಫಲಕಕ್ಕೆ, ಇಂಥ ಕಾರ್ಡಿಗೆ ಒಂದೇ ಪದ. ಎರಡಡಿ ಅಗಲದಲ್ಲಿ ದಪ್ಪಕ್ಷರದಲ್ಲಿ ಹಿಡಿಸಬೇಕು. ಸದ್ಯಕ್ಕೆ ‘ಮರುಹರಿವು’, ‘ಮರೆದ್ರವ’, ‘ಚಿತ್ರಾಂಚೆ’ ಎಂದಿಟ್ಟಿದ್ದೇನೆ. ಮೂರೂ ನನಗೇ ಹಿಡಿಸಿಲ್ಲ.

ಶಕಟರೇಫ:

ಮರುಹರಿವು ಬೇಡ. ಪದ ಕಟ್ಟುವ ಅಗತ್ಯವೇ ಇಲ್ಲ, ಇದೆ: ಕಱೆ. ಬಟ್ಟೆಗೆ ಬಾಳೆಯ ಕರೆ ಹಿಡಿಯಿತು ಎನ್ನುತ್ತೇವಲ್ಲ, ಅದೇ. ತಮಿಳಿನ ಕಱೈ. ದಡ ಎಂಬರ್ಥದ ಕರೆ ಬೇರೆ, ಕೂಗು ಎಂಬರ್ಥದ ಕರೆ ಬೇರೆ. ಹಳಗನ್ನಡದ ಱ ಅಕ್ಷರ ಕೈಬಿಟ್ಟ ಮೇಲೆ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿಬಿಟ್ಟಿದ್ದೇವೆ. ‘ನೀರ್ಗಱೆ’ ಎಂದು ಅಚ್ಚು ಮಾಡಿಸಿ, ಱ ಇಟ್ಟೇ ಮಾಡಿಸಿ. ‘ಕಲೆ’ ಎಂದು ಯಾರಾದರೂ ಸೂಚಿಸುವ ಮುಂಚೆ ಹೇಳಿಬಿಡುತ್ತೇನೆ: ಚಿತ್ರಕಲೆಯ ಕೈಪಿಡಿಯಲ್ಲಿ ‘ಕಲೆ ತೆಗೆಯುವ ಬಗೆ’ ಎಂಬ ತಲೆಬರಹ ಬಂದರೆ ನಗೆಪಾಟಲು. ಹಾಗೆಯೇ ಜಲವರ್ಣವೂ ಬೇಡ, ನೀರ್ಬಣ್ಣ ಸಾಕು.

ಹುಬ್ಬಳ್ಳಿಯಾಂವ:

ನೀರ್ಬಣ್ಣ ಅಚ್ಚಗನ್ನಡ ಅಂತ ತಿಳ್ಕೊಂಡೀರೇನು? ಬಣ್ಣ ಅನ್ನೂದು ವರ್ಣದ ತದ್ಭವ. ಅರ್ಧಾ ಸಂಸ್ಕೃತ ಒಳಗ ಕರ್ಕೊಂಡು ಬಾಗಿಲಾ ಹಾಕಿದಂಗಾತು. ಇನ್ನ ಆ ಱ ಅಚ್ಚಿನವನ ಫಾಂಟಿನ್ಯಾಗ ಐತೇನು ಮೊದಲ ಕೇಳ್ರಿ. ಇಲ್ಲಂದ್ರ ಖಾಲಿ ಡಬ್ಬಿ ಮೂಡತೈತಿ. ‘ಬ್ಯಾಕ್‌ರನ್’ ಅಂತನ ಇಟ್ಟು ಕೆಳಗ ಒಂದು ಸಾಲು ವಿವರಣಾ ಬರೀರಿ, ಮುಗೀತು.

ನೀರಗಂಟಿ:

ಪದಕ್ಕೆ ಮೊದಲು ವಸ್ತು ಸರಿಯಾಗಲಿ. ಇಲ್ಲಿ ಎರಡು ಗುರುತುಗಳು ಬೆರೆತಿವೆ.

ಒಂದು, ಬಣ್ಣದ ಹನಿ ತಾನಾಗಿ ಒಣಗಿದಾಗ ಸುತ್ತ ಉಳಿಯುವ ಗಾಢ ಗೆರೆ. ಕಾಫಿ ಲೋಟ ಇಟ್ಟಲ್ಲಿ ಬೀಳುವ ಉಂಗುರದ ಹಾಗೆ. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಜೊತೆಗೆ ಬಣ್ಣದ ಕಣವನ್ನೂ ಒಯ್ಯುತ್ತದೆ. ಇದಕ್ಕೆ ಕರೆ ಅನ್ನಿ, ತಕರಾರಿಲ್ಲ.

ಬ್ಯಾಕ್‌ರನ್ ಇದಲ್ಲ. ಕಾಗದದ ಮೇಲೆ ಒಂದು ಕಡೆ ನೀರು ಹೆಚ್ಚು, ಪಕ್ಕದಲ್ಲಿ ಕಡಿಮೆ. ಹೆಚ್ಚಿರುವ ಕಡೆಯ ನೀರು ಕಡಿಮೆ ಇರುವ ಕಡೆಗೆ ನುಗ್ಗುತ್ತಾ, ಅಲ್ಲಿ ಆಗಲೇ ಕೂರತೊಡಗಿದ್ದ ಕಣಗಳನ್ನು ಮುಂದೆ ತಳ್ಳುತ್ತದೆ. ತಳ್ಳಲಾಗದೆ ನಿಂತ ಜಾಗದಲ್ಲಿ ಹಲ್ಲುಹಲ್ಲಾದ ಅಂಚು ಮೂಡುತ್ತದೆ. ಅಪಾಯದ ಹೊತ್ತು ಯಾವುದೆಂದರೆ, ಮೇಲ್ಮೈಯ ಹೊಳಪು ಆಗಷ್ಟೇ ಮಾಯವಾಗಿ, ಕೈಬೆರಳಿನ ಹಿಂಬದಿ ಸೋಕಿಸಿದರೆ ಕಾಗದ ಇನ್ನೂ ತಣ್ಣಗಿರುವಾಗ. ಪೂರಾ ಹೊಳೆಯುತ್ತಿದ್ದರೆ ಹೊಸ ಬಣ್ಣ ಮೆತ್ತಗೆ ಬೆರೆಯುತ್ತದೆ, ಪೂರಾ ಒಣಗಿದ್ದರೆ ಮೇಲೊಂದು ಪದರವಾಗಿ ಕೂರುತ್ತದೆ. ನಡುವಿನ ಆ ಕೆಲವು ನಿಮಿಷ ಕುಂಚ ಕೆಳಗಿಡಬೇಕು.

ಕಾರ್ಡಿನಲ್ಲಿ ಇದು ದೊಡ್ಡ ಹಾಳೆಗಿಂತ ಹೆಚ್ಚು ಕಾಡುತ್ತದೆ, ಅದಕ್ಕೆ ಕಾರಣ ಟೇಪು. ನಾಲ್ಕೂ ಕಡೆ ಟೇಪು ಹಚ್ಚಿದ ಕಾರ್ಡಿನಲ್ಲಿ ಆಕಾಶ ಬಳಿದಾಗ ಉಳಿದ ನೀರು ಟೇಪಿನ ಬದಿಗೆ ಒತ್ತಿ ನಿಲ್ಲುತ್ತದೆ. ನಡುವೆ ಒಣಗುತ್ತಾ ಬಂದಂತೆ ಆ ನೀರು ಹಿಂದಕ್ಕೆ ನುಗ್ಗುತ್ತದೆ. ಒಡ್ಡು ಕಟ್ಟಿದಲ್ಲಿ ನೀರು ಹಿಂದೆ ಸರಿದು ಹರಡಿದರೆ ಅದಕ್ಕೇನೆನ್ನುತ್ತೇವೆ? ಹಿನ್ನೀರು. ಲಿಂಗನಮಕ್ಕಿಯ ಹಿನ್ನೀರು ಎಂದರೆ ಎಲ್ಲರಿಗೂ ಗೊತ್ತು. ಹೊಸದಾಗಿ ಕಲಿಸಬೇಕಾದ್ದಿಲ್ಲ, ಮೇಲಾಗಿ ದೋಷದ ಕಾರಣವನ್ನು ಪದವೇ ಹೇಳುತ್ತದೆ. ಹಿನ್ನೀರು ಬಾರದಿರಲು ಏನು ಮಾಡಬೇಕು? ಒಡ್ಡಿನ ಬಳಿ ನಿಂತ ನೀರನ್ನು ತೆಗೆಯಬೇಕು. ಕುಂಚ ತೊಳೆದು, ಬಟ್ಟೆಗೆ ಒತ್ತಿ ಹಿಂಡಿ, ಅದರ ತುದಿಯನ್ನು ಟೇಪಿನ ಅಂಚಿಗುಂಟ ಎಳೆದರೆ ಹೀರಿಕೊಳ್ಳುತ್ತದೆ.

ಶಕಟರೇಫ:

ಹಿನ್ನೀರು ಎಂಬುದು ನೀರಿನ ಹೆಸರು, ಗುರುತಿನ ಹೆಸರಲ್ಲ. ನೀರು ಆರಿದ ಮೇಲೆ ಕಾಗದದ ಮೇಲೆ ಉಳಿದದ್ದು ನೀರೇ? ತರ್ಕ ನೋಡಿ. ಅಲ್ಲದೆ ಹಿನ್ನೀರು ಅನ್ನುವುದೇ ಇಂಗ್ಲಿಷಿನ ನೆರಳು.

ನೀರಗಂಟಿ:

ನೆರಳಾದರೂ ನಮ್ಮ ಅಂಗಳದಲ್ಲೇ ಬಿದ್ದಿದೆ. ರೈತರು ಆಡುವ ಮಾತು.

ಕಡಲಕರೆ:

ಇಬ್ಬರಿಗೂ ಒಂದು ಮಾತು. ನಮ್ಮಲ್ಲಿ ಕಡಲ ಕರೆ ಎಂದರೆ ದಡ. ಕಂಬಳದ ಓಟದ ಗದ್ದೆಗೂ ಕರೆ ಅನ್ನುವುದು, ಜೋಡುಕರೆ ಕಂಬಳ ಕೇಳಿದ್ದೀರಲ್ಲ. ನೀರು ನುಗ್ಗಿ ನಿಂತ ಕಡೆ ಮೂಡಿದ ಅಂಚು ದಡವೂ ಹೌದು, ಕಲೆಯೂ ಹೌದು. ‘ಹಿನ್ನೀರ ಕರೆ’ ಎಂದರೆ ಮುಗಿಯಿತು. ಶಕಟರೇಫ ಸರ್ ಗೂಟದ ಮಾತಾಡಿದರಲ್ಲ, ಎರಡು ದನ ಒಂದೇ ಗೂಟದಲ್ಲಿದ್ದು ಉಪಕಾರವೇ ಆಯಿತು.

ಮಾಸ್ಕಿಂಗ್ ಫ್ಲೂಯಿಡಿಗೆ ಪದ ಯಾಕೆ ಹುಡುಕುತ್ತೀರಿ? ಸುಳ್ಯ, ಪುತ್ತೂರಿನ ತೋಟಗಳಲ್ಲಿ ದಿನಾ ಆಡುವ ಮಾತು: ರಬ್ಬರ್ ಹಾಲು. ಸೀಸೆಯಲ್ಲಿರುವುದೂ ಬಹುಪಾಲು ಅದೇ, ಹೆಪ್ಪುಗಟ್ಟದಿರಲಿ ಎಂದು ಅಮೋನಿಯ ಸೇರಿಸಿರುತ್ತಾರೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವುದು ಅದೇ. ‘ಮರೆದ್ರವ’ ಕೇಳಿದರೆ ಮರೆಗುಳಿಗಳ ಔಷಧದಂತಿದೆ.

ನೀರಗಂಟಿ:

ರಬ್ಬರ್ ಹಾಲು ಒಳ್ಳೆಯದು, ಬೇಕಿದ್ದರೆ ‘ಮರೆಹಾಲು’. ಆದರೆ ಕೈಪಿಡಿಯಲ್ಲಿ ಮೂರು ಎಚ್ಚರಿಕೆ ಬಿಡಬೇಡಿ. ಸೀಸೆ ಕುಲುಕಬಾರದು, ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದ ತೂತಿನಲ್ಲಿ ಬಣ್ಣ ಇಳಿದು ಬಿಳಿ ಜಾಗ ಚುಕ್ಕೆಚುಕ್ಕೆಯಾಗುತ್ತದೆ. ಹಚ್ಚುವ ಕುಂಚ ಹಳೆಯದಿರಲಿ, ಮೊದಲು ಸೋಪಿನಲ್ಲಿ ಅದ್ದಿರಲಿ. ಬಿಸಿಗಾಳಿಯಿಂದ ಒಣಗಿಸಬಾರದು, ವಾರಗಟ್ಟಲೆ ಬಿಡಲೂಬಾರದು. ನಾರಿಗೆ ಅಂಟಿಕೊಂಡು ಎಬ್ಬಿಸುವಾಗ ಕಾಗದದ ಸಿಪ್ಪೆಯನ್ನೇ ಎತ್ತುತ್ತದೆ.

ಅಚ್ಚುಮೊಳೆ:

ತುಂಬ ಉಪಕಾರ. ಈಗ ಫಲಕದ ಪದ. ಜೊತೆಗೆ ‘ಸೈಜಿಂಗ್’ಗೂ, ಅಂದರೆ ಬಣ್ಣ ಹೀರದಿರಲೆಂದು ಕಾಗದಕ್ಕೆ ಹಾಕುವ ಅಂಟಿಗೂ, ಏನಾದರೂ ಹೇಳಿ. ‘ಗಂಜಿ ಹಾಕಿದ ಕಾಗದ’ ಸರಿಯೇ?

ಶಕಟರೇಫ:

ಬಣ್ಣದೋಲೆ. ಓಲೆ ಅಚ್ಚ ದ್ರಾವಿಡ, ಅರ್ಥವೂ ಪತ್ರ.

ಕಡಲಕರೆ:

‘ಬಣ್ಣದೋಲೆ ಇಲ್ಲಿ ಮಾಡಿ ಕಲಿಯಿರಿ’ ಎಂದು ಬರೆದು ತೂಗುಹಾಕಿ. ಕಿವಿಗೆ ಹಾಕಿಕೊಳ್ಳುವ ಓಲೆ ಮಾಡಲು ಸಾಲು ನಿಲ್ಲುತ್ತದೆ.

ಹುಬ್ಬಳ್ಳಿಯಾಂವ:

ಕಾರ್ಡು ಅನ್ರಿ. ಈ ದೇಶದಾಗ ಕಾಲಾಣೆ ಕಾರ್ಡು ಶುರು ಆಗಿದ್ದು 1879ರ ಜುಲೈ 1ಕ್ಕ. ನೂರನಲವತ್ತು ವರ್ಷಕ್ಕಿಂತ ಹೆಚ್ಚು ಆತು, ಇನ್ನೂ ಅದು ಪರದೇಶಿ ಏನು? ಕಾಗದ ಪಾರ್ಸಿ, ಶಾಯಿ ಪಾರ್ಸಿ, ಟಪಾಲು ಮರಾಠಿ ಕಡಿಂದ ಬಂತು. ಇವನ್ನೆಲ್ಲಾ ನುಂಗಿ ನೀರ ಕುಡದು ಕಾರ್ಡಿಗೆ ಮಾತ್ರ ಗಂಟಲಾ ಹಿಡಿಯೂದು ಯಾಕ?

ಶಕಟರೇಫ:

ನುಂಗಿದ್ದನ್ನೆಲ್ಲ ಅರಗಿಸಿಕೊಂಡಿದ್ದೇವೆ ಎಂದಲ್ಲ. ಅಂಚೆ ಎಂಬ ಪದ ನಮ್ಮಲ್ಲಿ ಇರುವಾಗ ಟಪಾಲು ಬಂದದ್ದೇ ತಪ್ಪು. ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷರ ಇಲಾಖೆಯೊಳಗೆ ಸೇರಿಹೋದರೂ ಪದ ಉಳಿಯಿತು, ನೋಡಿ. ಹಂಸ ಎಂಬುದರ ತದ್ಭವವೂ ಅಂಚೆಯೇ. ದೂತನಾಗಿ ಹೋದ ಹಂಸದಿಂದಲೇ…

ಹುಬ್ಬಳ್ಳಿಯಾಂವ:

ಹಂಸಪಕ್ಷಿ ಬ್ಯಾಡ್ರಿ, ಕೈಮುಗೀತೀನಿ. ಶುಕ್ರವಾರ ಅಚ್ಚಿಗೆ ಐತಿ.

ನೀರಗಂಟಿ:

ಗಂಜಿ ತಪ್ಪು. ಒಳ್ಳೆಯ ಹತ್ತಿ ಕಾಗದಕ್ಕೆ ಹಾಕುವುದು ಜೆಲಟಿನ್, ಅಂದರೆ ಶುದ್ಧ ಮಾಡಿದ ಸರೇಸು. ಬಡಗಿಗಳು ತಮ್ಮ ಅಂಟಿಗೆ ಹೇಳುವ ಪದ, ಅದನ್ನೇ ಬಳಸಿ: ‘ಸರೇಸು ಬಳಿದ ಕಾಗದ’. ಸರೇಸಿಲ್ಲದ ಕಾಗದ ಬಣ್ಣವನ್ನು ಒತ್ತುಕಾಗದದ ಹಾಗೆ ಕುಡಿದುಬಿಡುತ್ತದೆ. ರಬ್ಬರಿನಿಂದ ಗಟ್ಟಿಯಾಗಿ ಉಜ್ಜಿದರೂ ಸರೇಸು ಹೋಗಿ ಅಲ್ಲಿ ಮಚ್ಚೆ ಬೀಳುತ್ತದೆ.

ಪದದ ವಿಷಯವಲ್ಲದಿದ್ದರೂ ನಿಮ್ಮ ಕರಡಿನಲ್ಲಿ ಎರಡು ತಪ್ಪು ಕಂಡವು. ‘ಹಾಳೆಯನ್ನು ನಾಲ್ಕು ಮಾಡಿ, ಆಮೇಲೆ ಕಾರ್ಡು ಕತ್ತರಿಸಿ’ ಎಂದಿದೆ. 56×76 ಸೆಂ.ಮೀ. ಹಾಳೆಯನ್ನು ಇಡಿಯಾಗಿಟ್ಟು ಅಳೆದರೆ 10.5×14.8ರ ಕಾರ್ಡು ಐದೈದರಂತೆ 25 ಬರುತ್ತವೆ. ಮೊದಲೇ ನಾಲ್ಕು ಮಾಡಿ ಒಂದೇ ದಿಕ್ಕಿಗೆ ಕತ್ತರಿಸಿದರೆ ಕಾಲುಹಾಳೆಗೆ ನಾಲ್ಕರಂತೆ 16ಕ್ಕೇ ನಿಲ್ಲುತ್ತದೆ. ಎರಡನೆಯದು, ವಿಳಾಸವನ್ನು ‘ಶಾಯಿ ಪೆನ್ನಿನಿಂದ’ ಬರೆಯಿರಿ ಎಂದಿದೆ. ಮಾಮೂಲು ಶಾಯಿ ಮಳೆಹನಿಗೆ ಹರಡುತ್ತದೆ. ಬಾಲ್‌ಪೆನ್ ಅಥವಾ ನೀರಿಗೆ ಕರಗದ ಪಿಗ್ಮೆಂಟ್ ಶಾಯಿ ಎಂದು ತಿದ್ದಿ. ಬಾಲ್‌ಪೆನ್ನಾದರೆ ಚಿತ್ರ ಬರೆಯುವ ಮೊದಲೇ ವಿಳಾಸ ಬರೆಯಲಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವಾದರೂ ಒತ್ತಿ ಬರೆದರೆ ಆಚೆ ಮಗ್ಗುಲಿಗೆ ಉಬ್ಬು ಮೂಡುತ್ತದೆ. ತರಿಯಾದ ಹತ್ತಿ ಕಾಗದದ ಮೇಲೆ ಅಂಚೆಚೀಟಿಗೆ ಅದರದೇ ಗೋಂದು ಸಾಲದು, ನಾಲ್ಕೂ ಮೂಲೆಗೆ ಬೇರೆ ಗೋಂದು ಬೇಕು.

ಅಂದಹಾಗೆ ಫಲಕಕ್ಕೆ ‘ಅಂಚೆಚೀಟಿ’ ಸೇರಿದ ಯಾವ ಪದವೂ ಬೇಡ. ಜನ ಸ್ಟ್ಯಾಂಪು ಕೊಳ್ಳಲು ಬರುತ್ತಾರೆ.

ಅಚ್ಚುಮೊಳೆ:

ಎಲ್ಲರಿಗೂ ಧನ್ಯವಾದ. ಕಳಿಸಿದ ಪಾಠ ಹೀಗಿದೆ: “ಹೊಳಪು ಹೋಗಿ ಕಾಗದ ಇನ್ನೂ ತಣ್ಣಗಿರುವಾಗ ನೀರು ಮುಟ್ಟಿಸಬೇಡಿ, ಹಿನ್ನೀರ ಕರೆ ಬೀಳುತ್ತದೆ. ಬಿದ್ದರೆ ಆಗಲೇ ತಿದ್ದಲು ಹೋಗಬೇಡಿ. ಪೂರಾ ಒಣಗಲಿ. ಆಮೇಲೆ ಒದ್ದೆ ಕುಂಚದಿಂದ ಕರೆಯ ಅಂಚನ್ನಷ್ಟೇ ಸವರಿ, ಟಿಶ್ಯೂ ಒತ್ತಿ ಎತ್ತಿ.” ಮಾಸ್ಕಿಂಗ್ ಫ್ಲೂಯಿಡಿಗೆ ರಬ್ಬರ್ ಹಾಲು, ಸೈಜಿಂಗಿಗೆ ಸರೇಸು. ಫಲಕದಲ್ಲಿ ‘ಬಣ್ಣದ ಕಾರ್ಡು’.

ಶಕಟರೇಫ:

ಕರೆಯಲ್ಲಿ ಱ ಎಲ್ಲಿ?

ಅಚ್ಚುಮೊಳೆ:

ಅಚ್ಚಿನವರ ಫಾಂಟಿನಲ್ಲಿ ಇಲ್ಲ ಸರ್. ಡಬ್ಬಿ ಬಂತು.