5,800 ಅಡಿ ಎತ್ತರದಲ್ಲಿ ವೈನ್ ದ್ರಾಕ್ಷಿ ಹಾಕಬೇಕು, ಬೆಳೆದವರು ಸ್ವಲ್ಪ ಹೇಳಿ

ನಮಸ್ಕಾರ. ಕೊಲೊರಾಡೋದ ಪಯೋನಿಯಾ ಹತ್ತಿರ ಎರಡು ಎಕರೆ ತೆಗೆದುಕೊಂಡಿದ್ದೇವೆ, ಸುಮಾರು 5,800 ಅಡಿ. ಅಪ್ಪ ದೊಡ್ಡಬಳ್ಳಾಪುರದಲ್ಲಿ ಬೆಂಗಳೂರು ಬ್ಲೂ ಬೆಳೆಯುತ್ತಿದ್ದರು, ಹಾಗಾಗಿ ದ್ರಾಕ್ಷಿ ನನಗೆ ಹೊಸದಲ್ಲ. ಕ್ಯಾಬರ್ನೆ ಸುವಿನ್ಯೋಂ ಅನ್ನುವ ಕೆಂಪು ವೈನ್ ತಳಿ ಹಾಕುವ ಆಸೆ. ಏನಂತೀರಿ?

ಪ್ಯಾಲಿಸೇಡ್‌ನಿಂದ:
ಅಕ್ಕಾ, ನಾನೂ ಹೀಗೇ ‘ದ್ರಾಕ್ಷಿ ಗೊತ್ತು’ ಅಂತ ಬಂದವನೇ. ಮೂಲ ವಿಜಯಪುರ, ತಿಕೋಟಾ ಕಡೆ. ಊರಲ್ಲಿ ಏಪ್ರಿಲ್ ಚಾಟ್ನಿ (ಅಂದರೆ ಕಡ್ಡಿ ಸವರುವುದು), ಅಕ್ಟೋಬರ್ ಚಾಟ್ನಿ, ಬಳ್ಳಿಗೆ ನಿದ್ದೆಯೇ ಇಲ್ಲ. ಇಲ್ಲಿ ಹೆಚ್ಚುಕಮ್ಮಿ ಆರು ತಿಂಗಳು ಮಲಗುತ್ತದೆ, ಏಳುತ್ತದೋ ಇಲ್ಲವೋ ಅನ್ನುವುದೇ ಚಿಂತೆ. ನಮ್ಮ ಪ್ಯಾಲಿಸೇಡ್ ಕೊಲೊರಾಡೋದಲ್ಲೇ ನಿಮಗಿಂತ ಸಾವಿರ ಅಡಿ ಕೆಳಗೆ, ಆದರೂ 2020ರ ಅಕ್ಟೋಬರ್ ಕೊನೆಯಲ್ಲಿ ಬಂದ ಚಳಿ ನಮ್ಮ ಸುತ್ತಲಿನ ಗ್ರ್ಯಾಂಡ್ ವ್ಯಾಲಿಯ ತೋಟಗಳನ್ನು ಮಲಗಿಸಿಬಿಟ್ಟಿತು. ನನ್ನ ಬಳ್ಳಿಯಲ್ಲಿ ಎಲೆ ಇನ್ನೂ ಹಸಿರಿತ್ತು, ಕಡ್ಡಿ ಬಲಿತಿರಲಿಲ್ಲ. ಫೆಬ್ರವರಿಯಲ್ಲಿ ಕಡ್ಡಿ ಕತ್ತರಿಸಿ ಮನೆಯೊಳಗೆ ತಂದು, ಒಂದೆರಡು ದಿನ ಬೆಚ್ಚಗಿಟ್ಟು, ಬ್ಲೇಡಿನಿಂದ ಒಂದೊಂದೇ ಕಣ್ಣನ್ನು (ಚಿಗುರು ಹೊರಡುವ ಗಂಟನ್ನು) ಅಡ್ಡಕ್ಕೆ ಸೀಳಿ ನೋಡಿದೆ. ಜೀವ ಇದ್ದರೆ ಒಳಗೆ ಹಸಿರು, ಸತ್ತಿದ್ದರೆ ಕಂದು. ನೂರು ಸೀಳಿದೆ, ಎಂಬತ್ತರ ಮೇಲೆ ಕಂದು. ಪ್ರತಿ ಕಣ್ಣಲ್ಲೂ ಮೂರು ಮೊಳಕೆ ಇರುತ್ತವೆ. ಜಾಸ್ತಿ ಗೊನೆ ಕೊಡುವುದು ನಡುವಿನದು, ಚಳಿಗೆ ಮೊದಲು ಸಾಯುವುದೂ ಅದೇ.

ಈಗ ಕಡ್ಡಿ ಬೇಗ ಬಲಿಯಲಿ ಅಂತ ಆಗಸ್ಟಿನಿಂದ ನೀರು ಕಡಿಮೆ ಮಾಡುತ್ತೇನೆ, ಜುಲೈ ಆದ ಮೇಲೆ ಸಾರಜನಕದ ಗೊಬ್ಬರ ಮುಟ್ಟುವುದೇ ಇಲ್ಲ. ಕೊಯ್ಲಾದ ಮೇಲೆ ಮಾತ್ರ ಒಮ್ಮೆ ಹೊಟ್ಟೆ ತುಂಬ ನೀರು ಬಿಡಿ, ಮಣ್ಣು ಒಣಗಿದ್ದರೆ ಚಳಿ ಬೇಗ ಬೇರಿಗೆ ಇಳಿಯುತ್ತದೆ. ಕಸಿ ಗಂಟು ಮುಚ್ಚುವ ಹಾಗೆ ಮಣ್ಣು ಏರಿಸಿ, ಮೇಲಿನದು ಸತ್ತರೂ ಕೆಳಗಿಂದ ಚಿಗುರುತ್ತದೆ.

ಪಯೋನಿಯಾದಿಂದಲೇ:
ಕ್ಯಾಬರ್ನೆ ಮರೆತುಬಿಡಿ. ಅಷ್ಟೆತ್ತರದಲ್ಲಿ ಅದು ಹಣ್ಣಾಗುವಷ್ಟು ಬೆಚ್ಚನೆ ದಿನ ಸಿಗುವುದಿಲ್ಲ. ನಮ್ಮ ವೆಸ್ಟ್ ಎಲ್ಕ್ಸ್ ಕಡೆ ರೀಸ್ಲಿಂಗ್, ಗೆವುರ್ಜ್‌ಟ್ರಾಮಿನರ್, ಪಿನೋ ನ್ವಾರ್ ನಡೆಯುತ್ತವೆ. ಮಾರ್ಕೆಟ್ (Marquette) ಅನ್ನುವ ಮಿಶ್ರತಳಿ ಚಳಿಗಾಲ ತಡೆಯುತ್ತದೆ ನಿಜ, ಆದರೆ ಬೇಗ ಚಿಗುರಿ ಮೇ ತಿಂಗಳ ಚಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ತಳಿ ಆಮೇಲೆ, ಮೊದಲು ಜಾಗ ನೋಡಿ. ತಣ್ಣನೆ ಗಾಳಿ ನೀರಿನ ಹಾಗೆ ಇಳಿದು ತಗ್ಗಲ್ಲಿ ನಿಲ್ಲುತ್ತದೆ. ಜಮೀನಿನ ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು ಥರ್ಮಾಮೀಟರ್ ನೇತುಹಾಕಿ, ಒಂದು ವರ್ಷ ಏನೂ ನೆಡಬೇಡಿ. ನಮ್ಮಲ್ಲಿ ನಸುಕಿಗೆ ಮೂರು ಡಿಗ್ರಿ ವ್ಯತ್ಯಾಸ ಬಂತು. ಕೆಳಗಿನ ಎರಡು ಸಾಲು ಕಿತ್ತು ಈಗ ಬೆಳ್ಳುಳ್ಳಿ ಹಾಕುತ್ತೇವೆ, ಅದಾದರೂ ಬರುತ್ತದೆ!

ಕೇಳಿದವರು:
ಮೇ ಚಳಿಗೆ ಏನು ಮಾಡುತ್ತೀರಿ? ತಣ್ಣನೆ ಗಾಳಿ ನಿಲ್ಲದ ಹಾಗೆ ಕಲಕುವ ದೊಡ್ಡ ಫ್ಯಾನ್ ಹಾಕಲು ದುಡ್ಡಿಲ್ಲ.

ಪ್ಯಾಲಿಸೇಡ್‌ನಿಂದ:
ಎರಡು ಎಕರೆಗೆ ಫ್ಯಾನ್ ಸುಮ್ನೆ ದಂಡ. ಚಾಟ್ನಿ ಎರಡು ಸಲ ಮಾಡಿ. ಮಾರ್ಚಲ್ಲಿ ಕಡ್ಡಿ ಉದ್ದ ಬಿಡಿ, ತುದಿಯ ಕಣ್ಣು ಮೊದಲು ಒಡೆಯುತ್ತದೆ, ಬುಡದ್ದು ಕಾಯುತ್ತದೆ. ಚಳಿ ಹೋಯಿತು ಅನಿಸಿದ ಮೇಲೆ ಗಿಡ್ಡ ಮಾಡಿ. ಒಂದೆರಡು ವಾರ ತಡವಾಗುತ್ತದೆ, ಕೆಲವು ಸಲ ಅಷ್ಟೇ ಸಾಕು. ಇನ್ನೊಂದು, ಈ ಎತ್ತರದ ಬಿಸಿಲು ಚುರುಕು. ಗೊನೆಗೆ ಗಾಳಿ ಆಡಲಿ ಅಂತ ಪಡುವಣ ಕಡೆಯ ಎಲೆ ಕೀಳಬೇಡಿ, ಹಣ್ಣು ಸುಡುತ್ತದೆ. ಡೌನಿ ಅನ್ನುವ ಶಿಲೀಂಧ್ರ ರೋಗದ ಕಾಟ ಇಲ್ಲಿ ಅಪರೂಪ, ಬೂದಿ ರೋಗಕ್ಕೆ ಮಾತ್ರ ಗಂಧಕ ಬೇಕು.

ಕೇಳಿದವರು:
ಥರ್ಮಾಮೀಟರ್ ಎರಡು ಆರ್ಡರ್ ಮಾಡಿದೆ. ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ವರ್ಷಕ್ಕೆ ಒಂದೇ ಬೆಳೆನಾ?” ಅಂದರು.