ಸಮಸ್ಯಾಪೂರಣ: ‘ಕೇಳದ ಕಿವಿಯಿಂದೆ ಕವಿತೆ ಬೆಳೆದತ್ತಲ್ತೇ’

ಚಾವಡಿ: ಕವಿಯನ್ನು ಬೆಳೆಸುವವರು ಯಾರು, ಮೆಚ್ಚುವವರೋ ತಿದ್ದುವವರೋ ಎಂದು ಕಳೆದ ವಾರ ನಡುರಾತ್ರಿಯವರೆಗೆ ಜಗಳವಾಡಿದಿರಲ್ಲ, ಈ ವಾರದ ಸಮಸ್ಯೆ ಅಲ್ಲಿಂದಲೇ ಹುಟ್ಟಿತು. ಕೆಳಗಿನ ಸಾಲು ಕೊನೆಗೆ ಬರುವಂತೆ ಮೊದಲ ಮೂರು ಸಾಲು ಕಟ್ಟಿ, ನಾಲ್ಕು ಸಾಲಿನ ಕಂದಪದ್ಯವಾಗಿ ಪೂರಣವಾಗಲಿ.

ಕೇಳದ ಕಿವಿಯಿಂದೆ ಕವಿತೆ ಬೆಳೆದತ್ತಲ್ತೇ

ತುಂಗಾತೀರ: ಮೊದಲ ಬೋಣಿ ನನ್ನದು.

ಆಳುವ ನುಡಿಯೊಳ್ ಬರೆದಂ;
ಕೇಳಿದನೈರ್ಲೆಂಡ ಕಬ್ಬಿಗಂ ತಾಯ್ನುಡಿಯಂ;
ಮೇಳವಿಸಿತು ಮಲೆನಾಡುಲಿ;
ಕೇಳದ ಕಿವಿಯಿಂದೆ ಕವಿತೆ ಬೆಳೆದತ್ತಲ್ತೇ!

ಕುವೆಂಪು 1922ರಲ್ಲಿ ಅಚ್ಚು ಹಾಕಿಸಿದ್ದು ಇಂಗ್ಲಿಷ್ ಪದ್ಯಗಳನ್ನು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು. ಕಸಿನ್ಸರ ಕಿವಿಗೆ ಕನ್ನಡ ಗೊತ್ತಿರಲಿಲ್ಲ. ಕೀಲಕ ಅಲ್ಲಿದೆ.

ಬಯಲುಸೀಮೆ: ಚೆನ್ನಾಗಿದೆ. ‘ಕೇಳಿದನ್’ ಎರಡು ಅರ್ಥಕ್ಕೂ ಒದಗಿತು.

ಹೊಸಚಿಗುರು: ಇಲ್ಲಿ ಇದು ನನ್ನ ಮೊದಲ ಪ್ರಯತ್ನ.

ಪೇಳಲ್ ಪೊಸ ಕವಿ ಬೆರ್ಚಿರೆ
ಗಾಳಿಗೆ ತೂರಿದನು ಪಳಿವರೆಲ್ಲರ ಮಾತಂ
ತೋಳಂ ಪಿಡಿದಾ ಗುರು ತಾಂ;
ಕೇಳದ ಕಿವಿಯಿಂದೆ ಕವಿತೆ ಬೆಳೆದತ್ತಲ್ತೇ!

ಗುರುಲಘು: ಎರಡನೆಯ ಅಕ್ಷರದ ಪ್ರಾಸ ಕೆಟ್ಟಿದೆ. ‘ಪೇೞ್’ ರಳ, ಹಳಗನ್ನಡದ ಬೇರೆಯೇ ಳಕಾರ; ‘ಕೇಳ್’ ಕುಳ, ಇಂದಿಗೂ ಇರುವ ಳಕಾರ.

ತುಂಗಾತೀರ: ಬಂದಿರಾ! ಹೊಸಬರು ಹೊಸ್ತಿಲು ದಾಟುವ ಮೊದಲೇ ದೊಣ್ಣೆ ಎತ್ತಿದಿರಿ. ‘ಹೇಳು ಕೇಳು’ ಎಂದು ಇಡೀ ನಾಡು ಜೋಡಿಯಾಗಿ ನುಡಿಯುತ್ತದೆ. ಗದುಗಿನ ಕುಮಾರವ್ಯಾಸ ಈ ಭೇದವನ್ನು ಕಟ್ಟಿಟ್ಟು ಎಷ್ಟು ಕಾಲವಾಯಿತು?

ಗುರುಲಘು: ಕುಮಾರವ್ಯಾಸನ ಕಾಲಕ್ಕೆ ಆ ಧ್ವನಿಯೇ ಬಾಯಿಂದ ಹೋಗಿತ್ತು, ಆತ ತನ್ನ ಕಾಲದ ಕನ್ನಡದಲ್ಲಿ ಬರೆದ. ‘ಪೇಳಲ್’, ‘ಬೆರ್ಚಿರೆ’, ‘ಪಿಡಿದು’ ಎಂದು ಹಳಗನ್ನಡದ ಉಡುಪು ತೊಟ್ಟ ಮೇಲೆ ಆ ಕಿವಿಯೂ ಬೇಕು. ತಮಿಳರ ಬಾಯಲ್ಲಿ ಬಾಳೆಯ ಳಕಾರ ಬೇರೆ, ನಾಳೆಯ ಳಕಾರ ಬೇರೆ. ಇವತ್ತಿಗೂ ಕೇಳಿ ನೋಡಬಹುದು. ನಮ್ಮಲ್ಲಿಯೂ ಹಾಗೆಯೇ ಇತ್ತು. ವೈಯಾಕರಣ ಕೇಶಿರಾಜ ರಳವಿರುವ ಶಬ್ದಗಳನ್ನು ಹೆಕ್ಕಿ ಪಟ್ಟಿ ಮಾಡಿಟ್ಟದ್ದು ಅದು ಜಾರಿಹೋಗುತ್ತಿದೆ ಎಂಬ ಸಂಕಟದಿಂದ.

ಬಯಲುಸೀಮೆ: ಕೇಶಿರಾಜನ ಮಾತು ಬಂದದ್ದರಿಂದ ಹೇಳುತ್ತೇನೆ. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವೆಂಬ ಪದ್ಯಸಂಕಲನ ಕಟ್ಟಿದವನು, ಸೋದರಮಾವ ಕವಿ ಜನ್ನ, ತಾಯಿಯ ತಂದೆ ಸುಮನೋಬಾಣ. ಊಟದ ಎಲೆಯ ಮುಂದೆಯೂ ಪದ್ಯವೇ ನಡೆಯುತ್ತಿದ್ದಿರಬೇಕು! ನಮ್ಮ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರಿಗೆ ಅಂಥ ಮನೆತನವಿರಲಿಲ್ಲ. ಒಬ್ಬರಿಗೊಬ್ಬರು ಕಿವಿಯಾದರು, ಬೀಸುವ ಕಲ್ಲಿನ ಮುಂದಿನ ಹಾಡಿಗೂ ಕಿವಿಯಾದರು. 1931ರ ‘ಗರತಿಯ ಹಾಡು’ ಹಾಗೆ ಬಂತು.

ತುಂಗಾತೀರ: ಅದನ್ನೇ ನಾನು ಹೇಳುತ್ತಿರುವುದು. ಮೊದಲು ಕಿವಿ, ಆಮೇಲೆ ಕತ್ತರಿ. ನಾನು ಮೊದಲ ಸಲ ಕವಿಗೋಷ್ಠಿಯಲ್ಲಿ ನಿಂತಾಗ ಹಾಳೆ ಕೈಬೆವರಿಗೆ ಒದ್ದೆಯಾಗಿ ಶಾಯಿ ಹೆಬ್ಬೆರಳಿಗೆ ಇಳಿದಿತ್ತು. ಮೂರನೆಯ ಸಾಲಿಗೆ ಸಂಘಟಕರು ಪಕ್ಕಕ್ಕೆ ಬಂದು, ‘ಬೇಗ ಮುಗಿಸಿ, ಸನ್ಮಾನಕ್ಕೆ ಶಾಲು ಕಾದಿವೆ’ ಎಂದರು. ಆಮೇಲೆ ಆರು ವರ್ಷ ಬರೆಯಲಿಲ್ಲ.

ಗುರುಲಘು: ಅಲ್ಲಿ ನಿಮ್ಮ ಪದ್ಯವನ್ನು ಯಾರೂ ಕೇಳಲಿಲ್ಲ. ಇಲ್ಲಿ ನಾನು ಇವರ ಪದ್ಯದ ಎರಡನೆಯ ಅಕ್ಷರವನ್ನೂ ಕೇಳಿದ್ದೇನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೊಸಚಿಗುರು: ನನಗೆ ಬೇಸರವಿಲ್ಲ. ರಳದ ವಿಷಯ ಓದಿದ್ದೆ, ಆದರೆ ಕೈಗೆ ಬಂದಿರಲಿಲ್ಲ. ‘ಮೇಳದೆ ಪೊಸ ಕವಿ ಬೆರ್ಚಿರೆ’ ಎಂದರೆ ಆಗುತ್ತದೆಯೇ?

ಗುರುಲಘು: ಆಗುತ್ತದೆ. ಸವರಣೆಯಿಂದ ಅರ್ಥವೂ ಏರಿತು: ತುಂಬಿದ ಮೇಳದ ನಡುವೆ ಬೆರ್ಚುವುದು, ಬೆದರುವುದು, ಕಣ್ಣಿಗೆ ಕಟ್ಟುತ್ತದೆ. ಮೂರನೆಯ ಸಾಲು ಮೊದಲೇ ಹಿಡಿಸಿತ್ತು, ಆಗಲೇ ಹೇಳಬೇಕಿತ್ತು. ಈಗ ನನ್ನದು.

ತಾಳೆಯ ಗರಿಗೆತ್ತಣ ಕಿವಿ?
ಓಳಿ ಬರೆಸಿದತ್ತಿಮಬ್ಬೆ ಸಾಸಿರಮಿತ್ತಳ್;
ನಾಳಿನವರ್ಗುಳಿದುದು ನುಡಿ;
ಕೇಳದ ಕಿವಿಯಿಂದೆ ಕವಿತೆ ಬೆಳೆದತ್ತಲ್ತೇ!

ತಾಳೆಯ ಗರಿ ಎಂದರೆ ಓಲೆ, ಓಲೆ ಕಿವಿಯ ಆಭರಣವೂ ಹೌದು; ‘ಓಳಿ’ ಎಂದರೆ ಸಾಲು. ಪೊನ್ನನ ‘ಶಾಂತಿಪುರಾಣ’ವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ‘ಅಜಿತಪುರಾಣ’ ಮುಗಿಸಿದ.

ಬಯಲುಸೀಮೆ: ಲಕ್ಕುಂಡಿಯ ಬಸದಿಯ ಮುಂದೆ ನಿಂತಾಗಲೆಲ್ಲ ನನಗೆ ಕಲ್ಲಿಗಿಂತ ಆ ಸಾವಿರ ಕಟ್ಟುಗಳೇ ನೆನಪಾಗುತ್ತವೆ. ಒಂದೊಂದು ಗರಿಯನ್ನೂ ಹದ ಮಾಡಿ, ಕಂಟದಿಂದ ಕೊರೆದು, ಮಸಿ ಸವರಿ ಒರೆಸಬೇಕು. ಎಷ್ಟು ಲಿಪಿಕಾರರ ಬೆರಳು ಸವೆದಿತ್ತೋ!

ತುಂಗಾತೀರ: ‘ಉಳಿದುದು’ ಎಂದು ಬರೆದಿದ್ದೀರಿ. ‘ಉೞಿ’ ಅಲ್ಲವೇ, ರಳದ ರಕ್ಷಕರೇ?

ಗುರುಲಘು: ಅದು ಪ್ರಾಸಸ್ಥಾನದಲ್ಲಿಲ್ಲ.

ತುಂಗಾತೀರ: ಕಿವಿ ಪ್ರಾಸಸ್ಥಾನದಲ್ಲಿ ಮಾತ್ರ ತೆರೆದಿರುತ್ತದೆಯೋ?

ಗುರುಲಘು: ಬರೆಹದಲ್ಲಿ ತಿದ್ದಿಕೊಳ್ಳುತ್ತೇನೆ: ‘ನಾಳಿನವರ್ಗುೞಿದುದು’. ಹತ್ತು ವರ್ಷದಿಂದ ನೀವು ಕಾಯುತ್ತಿದ್ದ ಗಳಿಗೆ ಇದು, ಅನುಭವಿಸಿ.

ಹೊಸಚಿಗುರು: ಒಂದು ಸಂದೇಹ. ಮೊದಲ ಸಾಲು ‘ಕಿವಿ’ ಎಂದು ಮುಗಿದು ಎರಡನೆಯದು ‘ಓಳಿ’ ಎಂದು ತೊಡಗುತ್ತದೆ. ಸ್ವರಕ್ಕೆ ಸ್ವರ ತಾಗಿಯೂ ಸಂಧಿಯಾಗಿಲ್ಲ, ವಿಸಂಧಿಯಲ್ಲವೇ?

ಗುರುಲಘು: ಪ್ರಶ್ನೆಯ ನಿಲುಗಡೆ ಇದೆ.

ತುಂಗಾತೀರ: ಓಲೆಗರಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಎಲ್ಲಿತ್ತು, ಸ್ವಾಮಿ?

ಬಯಲುಸೀಮೆ: ಪೂರ್ವಾರ್ಧದೊಳಗೆ, ಅಂದರೆ ಮೊದಲೆರಡು ಸಾಲಿನೊಳಗೆ, ವಿಸಂಧಿ ದೋಷವೇ. ಇದನ್ನು ಈ ಚಾವಡಿಯಲ್ಲಿ ನಮಗೆ ಕಲಿಸಿದವರು ತಾವೇ.

ಹೊಸಚಿಗುರು: ‘ಪಾಳಿ ಬರೆಸಿದತ್ತಿಮಬ್ಬೆ’ ಎಂದರೆ? ಪಾಳಿ ಎಂದರೂ ಸಾಲೇ. ಲಿಪಿಕಾರರು ಪಾಳಿಯ ಮೇಲೆ ಕುಳಿತು ಬರೆದಂತೆಯೂ ಕೇಳುತ್ತದೆ.

ಗುರುಲಘು: ಒಪ್ಪಿದೆ. ಒಂದೇ ಅಕ್ಷರ ಕೊಟ್ಟು ಕೆಲಸದ ಮನೆಯನ್ನೇ ಕಣ್ಣ ಮುಂದೆ ತಂದಿರಿ. ಸವರಿದ ಪದ್ಯವನ್ನು ನನ್ನ ಕಡತದಲ್ಲಿ ಬರೆದುಕೊಂಡಿದ್ದೇನೆ, ಪಕ್ಕದಲ್ಲಿ ನಿಮ್ಮ ಹೆಸರಿದೆ.

ಚಾವಡಿ: ಮುಂದಿನ ಸಮಸ್ಯೆಯನ್ನು ಹೊಸಚಿಗುರು ಕೊಡಲಿ.

ಹೊಸಚಿಗುರು: ಕೊಟ್ಟೆ.

ಮೂಗಂ ನುಡಿಯಿಸಿದನಾ ಮಹಾಕವಿವರನಂ

ತುಂಗಾತೀರ: ಗಕಾರಕ್ಕೆ ಕುಳವೂ ಇಲ್ಲ, ರಳವೂ ಇಲ್ಲ. ಗುರುಲಘು ಅವರೇ, ಈ ಸಲ ಮೊದಲ ಪೂರಣ ನಿಮ್ಮದಾಗಲಿ. ನಾನು ಕಾದಿರುತ್ತೇನೆ.